ಇರುವೆ ಸಾಕೋದು: ರಾಣಿ ಸಿಕ್ಕಾಗಿಂದ ಮೊದಲ ಐವತ್ತು ಇರುವೆ ಆಗೋ ತನಕ

ಇರುವೆ ಸಾಕ್ಬೇಕು ಅಂತ ತಲೆಗೆ ಹೊಕ್ಕ ತಕ್ಷಣ ಎಲ್ರೂ ಮೊದ್ಲು ಹುಡುಕೋದು ಚೆಂದದ ಗೂಡು, ಅಕ್ರಿಲಿಕ್‌ದು, ಒಳಗೆ ಎಂಟು ಹತ್ತು ಕೋಣೆ, ಮೇಲೆ ಒಂದಿಷ್ಟು ಪಾಚಿ, ಪುಟ್ಟದೊಂದು ಗಿಡ. ಅದನ್ನ ಸದ್ಯಕ್ಕೆ ಬದಿಗಿಡಿ. ಮೊದಲ ಕೆಲವು ತಿಂಗಳು ಬೇಕಾಗೋದು ಒಂದು ಟೆಸ್ಟ್ ಟ್ಯೂಬು, ಒಂಚೂರು ಹತ್ತಿ, ನೀರು, ಆಮೇಲೆ ಸುಮ್ನೆ ಕೂರೋ ತಾಳ್ಮೆ. ಮೊದಲ ಮೂರು ಯಾರಿಗಾದ್ರೂ ಸಿಗುತ್ತೆ, ನಾಲ್ಕನೇದೇ ತ್ರಾಸು. ಎಳೇ ಕಾಲೊನಿ, ಅಂದ್ರೆ ಒಂದು ರಾಣಿ ಮತ್ತೆ ಅವಳ ಮರಿಗಳ ಸಂಸಾರ, ಹಸಿವಿಂದ ಸಾಯೋದಕ್ಕಿಂತ ಸಾಕೋರ ಕುತೂಹಲಕ್ಕೆ ಸಾಯೋದೇ ಜಾಸ್ತಿ ಅಂತ ನನ್ನ ಅಭಿಪ್ರಾಯ: ದಿನಾ ಎತ್ತಿ ನೋಡೋದು, ಮೊಬೈಲ್ ಟಾರ್ಚ್ ಬಿಡೋದು, ಬೇಡದಿದ್ರೂ ಜೇನು ಸುರಿಯೋದು, ಮೂರು ಇರುವೆಗೆ ಮೂವತ್ತು ಕೋಣೆ ಕೊಡೋದು.

ರಾಣಿ ಇಲ್ದೆ ಏನೂ ಇಲ್ಲ

ನೆಲದ ಮೇಲೆ ಸಾಲಾಗಿ ಹೋಗ್ತಿರೋ ಇರುವೆಗಳನ್ನ ನೂರು ಹಿಡಿದು ಡಬ್ಬಿಗೆ ಹಾಕಿದ್ರೆ ಅದು ಕಾಲೊನಿ ಆಗಲ್ಲ. ಅವೆಲ್ಲ ಕೆಲಸಗಾರ ಇರುವೆಗಳು, ಎಲ್ಲ ಹೆಣ್ಣೇ, ಆದ್ರೆ ಸಂತಾನ ಬೆಳೆಸೋದು ಅವುಗಳ ಕೈಲಿಲ್ಲ. 1956ರಲ್ಲಿ ಅಮೆರಿಕದಲ್ಲಿ ಆ್ಯಂಟ್ ಫಾರ್ಮ್ ಅಂತ ಒಂದು ಆಟಿಕೆ ಬಂತು, ಲಕ್ಷಗಟ್ಲೆ ಮಕ್ಕಳು ಅದನ್ನ ಇಟ್ಕೊಂಡಿದ್ರು, ಅದರಲ್ಲೂ ರಾಣಿ ಇರ್ತಿರ್ಲಿಲ್ಲ, ಹಂಗಾಗಿ ಇರುವೆಗಳು ಕೆಲವು ವಾರ ಸುರಂಗ ತೋಡಿ ಒಂದೊಂದಾಗಿ ಮುಗಿದು ಹೋಗ್ತಿದ್ವು. ನಮಗೆ ಬೇಕಾಗಿರೋದು ಅದಲ್ಲ. ಈಗಷ್ಟೇ ಗಂಡಿನ ಜೊತೆ ಕೂಡಿ ನೆಲಕ್ಕಿಳಿದಿರೋ ಒಂಟಿ ರಾಣಿ ಬೇಕು.

ಇದು ಸಿಗೋದು ಹಾರೋ ಕಾಲದಲ್ಲಿ. ಮಳೆ ಬಿದ್ದು ಬಿಸಿಲು ಬಂದು, ಗಾಳಿ ಇಲ್ದೆ ಸೆಕೆ ಸೆಕೆ ಅನಿಸೋ ದಿನ ರೆಕ್ಕೆ ಇರುವೆಗಳು ಗೂಡಿಂದ ಹೊರಗೆ ಬರ್ತವೆ. ಕೂಡಿದ ಮೇಲೆ ಗಂಡು ಸ್ವಲ್ಪ ಹೊತ್ತಲ್ಲೋ ಒಂದೆರಡು ದಿನದಲ್ಲೋ ಸಾಯುತ್ತೆ, ಹೆಣ್ಣು ತನ್ನ ರೆಕ್ಕೆ ತಾನೇ ಕಿತ್ತು ಬಿಸಾಕಿ ಬಿಲಕ್ಕೆ ಜಾಗ ಹುಡುಕ್ತಾ ನೆಲದ ಮೇಲೆ ಗಡಿಬಿಡಿಯಲ್ಲಿ ಓಡಾಡ್ತಿರುತ್ತೆ. ಗುರುತು ಹಿಡಿಯೋಕೆ ಎದೆ ಭಾಗ ನೋಡಿ. ಕೆಲಸಗಾರ ಇರುವೆಗೆ ಅದು ಸಪೂರ, ರಾಣಿಗೆ ಉಬ್ಬಿಕೊಂಡಿರುತ್ತೆ, ಯಾಕಂದ್ರೆ ಹಾರೋ ಸ್ನಾಯು ಎಲ್ಲ ಅಲ್ಲೇ ಇರೋದು, ಪಕ್ಕದಲ್ಲಿ ರೆಕ್ಕೆ ಉದುರಿದ ಪುಟ್ಟ ಗಾಯದಂಥ ಗುರುತೂ ಕಾಣ್ಸುತ್ತೆ. ಬರೀ ಸೈಜ್ ನೋಡಿ ರಾಣಿ ಅಂತ ತೀರ್ಮಾನ ಮಾಡ್ಬೇಡಿ, ಗೊದ್ದದಂಥ ಜಾತಿಗಳಲ್ಲಿ ದಪ್ಪ ತಲೆಯ ದೊಡ್ಡ ಕೆಲಸಗಾರ ಇರುವೆ ನೋಡಿ ಮೋಸ ಹೋಗೋರು ಬೇಕಾದಷ್ಟು ಜನ. ರೆಕ್ಕೆ ಉದುರಿದೆ ಅಂದ್ರೆ ಕೂಡಿದೆ ಅಂತ ನೂರಕ್ಕೆ ನೂರು ಹೇಳೋಕಾಗಲ್ಲ, ಆದ್ರೂ ಅವಕಾಶ ಜಾಸ್ತಿ. ಇನ್ನು ರಾಣಿಗೋಸ್ಕರ ಗೂಡು ಅಗೆಯೋ ಕೆಲಸ ಮಾತ್ರ ಬೇಡ, ರಾಣಿ ಆಳದಲ್ಲಿರ್ತಾಳೆ, ಸಿಗಲ್ಲ, ಸುಮ್ನೆ ಇಡೀ ಕಾಲೊನಿ ಹಾಳಾಗುತ್ತೆ.

ಯಾವ ಜಾತಿ ಅನ್ನೋದು ಮುಖ್ಯ. ಶುರು ಮಾಡೋರಿಗೆ ಸುಲಭ ಅಂದ್ರೆ ಒಳಗೆ ಮುಚ್ಕೊಂಡು ಕೂತು ಹೊರಗಿನ ಊಟ ಇಲ್ದೆ ಮೊದಲ ಮರಿ ಬೆಳೆಸೋ ರಾಣಿಗಳು. ಕ್ಯಾಂಪೊನೋಟಸ್, ಅಂದ್ರೆ ಗೊದ್ದದ ಗುಂಪು, ಯುರೋಪ್ ಕಡೆಯ ಕಪ್ಪು ಇರುವೆ ಲೇಸಿಯಸ್ ನೈಜರ್, ಸಣ್ಣ ಮೈಯ ಫೈಡೋಲಿ, ಕಾಳು ತಿನ್ನೋ ಮೆಸ್ಸರ್, ಇವೆಲ್ಲ ಈ ಪೈಕಿ. ಈ ರಾಣಿಗಳಿಗೆ ರೆಕ್ಕೆ ಸ್ನಾಯು ಇನ್ನು ಬೇಕಿಲ್ಲ, ಅದು ಒಳಗೇ ಕರಗಿ, ಮೈಯ ಕೊಬ್ಬಿನ ಜೊತೆ ಸೇರಿ ಮರಿಗಳ ಊಟ ಆಗುತ್ತೆ. ಬೇಟೆ ಆಡೋ ಹಾರ್ಪೆಗ್ನಾಥಸ್ ಥರದ ಜಾತಿಗಳಲ್ಲಿ ರಾಣಿಯೇ ಹೊರಗೆ ಬಂದು ತಿನ್ಬೇಕು, ಅವಕ್ಕೆ ಶುರುವಿಂದಲೇ ಊಟ ಹಾಕ್ಬೇಕು. ಎಲೆ ಹೊಲಿದು ಗೂಡು ಕಟ್ಟೋ ಚಗಳಿ, ಎಲೆ ಕತ್ತರಿಸಿ ಅಣಬೆ ಬೆಳೆಯೋ ಇರುವೆ, ಇನ್ನೊಂದು ಜಾತಿಯ ಗೂಡಿಗೆ ನುಗ್ಗಿ ಅಲ್ಲಿನ ರಾಣಿಯ ಜಾಗ ಹಿಡಿಯೋ ಪರಾವಲಂಬಿ ರಾಣಿಗಳು, ಇವೆಲ್ಲ ಚೆಂದವೇ, ಆದ್ರೆ ಮೊದಲ ಸಲಕ್ಕಲ್ಲ.

ಇನ್ನೊಂದು ಮಾತು, ಇದ್ರಲ್ಲಿ ನಾನು ಸ್ವಲ್ಪ ಗಟ್ಟಿ. ನಿಮ್ಮ ಸುತ್ತಮುತ್ತ ಸಹಜವಾಗಿ ಬದುಕೋ ಜಾತಿ ಮಾತ್ರ ಸಾಕಿ. ಬೇರೆ ಖಂಡದ ರಾಣಿ ತರಿಸೋ ಚಪಲ ಬೇಡ. ಬೆಂಕಿ ಇರುವೆ, ಅರ್ಜೆಂಟೈನ್ ಇರುವೆ ಥರದವು ಹೊಸ ಜಾಗಕ್ಕೆ ಹೋಗಿ ಸೇರ್ಕೊಂಡು ಅಲ್ಲಿನ ಮೂಲ ಇರುವೆಗಳನ್ನೇ ಒಕ್ಕಲೆಬ್ಬಿಸಿವೆ. ಅಮೆರಿಕದಲ್ಲಿ ರಾಣಿಯನ್ನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸೋಕೂ ಕೃಷಿ ಇಲಾಖೆ ಪರ್ಮಿಟ್ ಬೇಕು. 2025ರಲ್ಲಿ ಕೀನ್ಯಾದಲ್ಲಿ ಸಾವಿರಾರು ಮೆಸ್ಸರ್ ಸೆಫಲೋಟಿಸ್ ರಾಣಿಗಳನ್ನ ಹತ್ತಿ ತುಂಬಿದ ಟ್ಯೂಬ್‌ಗಳಲ್ಲಿಟ್ಟು ದೇಶದಿಂದ ಹೊರಗೆ ಸಾಗಿಸೋಕೆ ಹೊರಟವರು ಸಿಕ್ಕಿಬಿದ್ದು ಕೋರ್ಟಲ್ಲಿ ಭಾರಿ ದಂಡ ಹಾಕಿಸ್ಕೊಂಡ್ರು. ಯಾರಿಂದಲೋ ಕೊಳ್ಳೋ ಹಾಗಿದ್ರೆ ಎಲ್ಲಿ ಹಿಡಿದಿದ್ದು ಅಂತ ಕೇಳಿ, ಉತ್ತರ ಬರ್ಲಿಲ್ಲ ಅಂದ್ರೆ ಬಿಟ್ಬಿಡಿ.

ಟ್ಯೂಬ್ ಕಟ್ಟೋದು

ಸಾಮಾನ್ಯ ಗೊದ್ದದ ರಾಣಿಗೆ 16 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ ಟ್ಯೂಬ್ ಸಾಕು, ಚಿಕ್ಕ ಜಾತಿಗೆ ಇನ್ನೂ ಸಪೂರಾದ್ರೂ ನಡೆಯುತ್ತೆ. ಮೂರನೇ ಒಂದು ಭಾಗ ನೀರು ತುಂಬಿ. ವಾಸನೆ ಬಣ್ಣ ಏನೂ ಇಲ್ಲದ ಹತ್ತಿಯನ್ನ ಬಿಗಿಯಾಗಿ ಸುತ್ತಿ ಉದ್ದ ಕಡ್ಡಿಯಿಂದ ಮೆಲ್ಲಗೆ ಒಳಗೆ ದೂಡಿ, ಅದು ನೀರಿಗೆ ತಾಗಿ ಪೂರ್ತಿ ನೆನೀಬೇಕು, ಆದ್ರೆ ನೀರು ಆಚೆ ಬರ್ಬಾರ್ದು. ಇಲ್ಲಿ ನಿಧಾನ ಮಾಡಿ, ಯಾಕಂದ್ರೆ ಹತ್ತಿಯ ಹಿಂದೆ ದೊಡ್ಡ ಗಾಳಿಗುಳ್ಳೆ ಉಳಿದ್ರೆ ಮುಂದೆ ಅದೇ ಕಂಟಕ: ರೂಮು ಬಿಸಿ ಆದಾಗ ಗುಳ್ಳೆ ಹಿಗ್ಗುತ್ತೆ, ಹಿಗ್ಗಿದ ಗಾಳಿ ನೀರನ್ನ ಹತ್ತಿ ಮೂಲಕ ಆಚೆ ತಳ್ಳುತ್ತೆ, ಬೆಳಿಗ್ಗೆ ನೋಡಿದ್ರೆ ಮೊಟ್ಟೆ ಎಲ್ಲ ನೀರಲ್ಲಿ. ಎಷ್ಟೋ ಜನ ಹತ್ತಿ ಸಡಿಲ ಆಯ್ತು ಅಂದ್ಕೋತಾರೆ, ನಿಜವಾದ ಕಾರಣ ಆ ಗುಳ್ಳೆ ಮತ್ತೆ ಏರಿಳಿಯೋ ಬಿಸಿ. ಒದ್ದೆ ಹತ್ತಿಯಿಂದ ಈಚೆ ನಾಲ್ಕೈದು ಸೆಂಟಿಮೀಟರ್ ಜಾಗ ಬಿಟ್ಟು, ರಾಣಿಯನ್ನ ಒಳಗೆ ಬಿಟ್ಟು, ಇನ್ನೊಂದು ಒಣ ಹತ್ತಿಯಿಂದ ಬಾಯಿ ಮುಚ್ಚಿ. ಈ ಹತ್ತಿ ಸ್ವಲ್ಪ ಸಡಿಲ ಇರ್ಲಿ, ಗಾಳಿ ಆಡ್ಬೇಕು. ಚಿಮಟ ಹಾಕಿ ರಾಣಿಯನ್ನ ಹಿಡೀಬೇಡಿ, ಟ್ಯೂಬ್ ಬಾಯಿ ಅವಳ ಮುಂದೆ ಇಟ್ರೆ ಕತ್ತಲು ಇರೋ ಕಡೆಗೆ ತಾನೇ ನಡ್ಕೊಂಡು ಹೋಗ್ತಾಳೆ, ಇಲ್ಲಾಂದ್ರೆ ಮೆತ್ತಗಿನ ಬ್ರಷ್‌ನಿಂದ ಹಿಂದಿನಿಂದ ಒಂಚೂರು ತಳ್ಳಿ.

ಒಂದು ಟ್ಯೂಬಿಗೆ ಒಂದೇ ರಾಣಿ. ಎರಡಿದ್ರೆ ಬೇಗ ಬೆಳೀತಾರೆ ಅನ್ನೋ ಮಾತು ಸುಳ್ಳಲ್ಲ, ಆದ್ರೆ ಲೇಸಿಯಸ್ ನೈಜರ್‌ನಂಥ ಜಾತೀಲಿ ಮೊದಲ ಕೆಲಸಗಾರ ಇರುವೆ ಹುಟ್ಟಿದ್ಮೇಲೆ ಜಗಳ ಶುರುವಾಗಿ ಕೊನೆಗೆ ಒಬ್ಬಳೇ ಉಳಿಯೋದು, ಉಳಿದೋಳೂ ಕಾಲು ಮುರ್ಕೊಂಡಿರಬಹುದು.

ಆಮೇಲೆ ಕತ್ತಲು. ಡ್ರಾಯರ್ ಒಳಗೋ, ಟ್ಯೂಬ್ ಸುತ್ತ ಫಾಯಿಲ್ ಸುತ್ತಿಯೋ ಇಡಿ. ಕೆಂಪು ಬಣ್ಣ ಇರುವೆಗಳಿಗೆ ಸರಿಯಾಗಿ ಕಾಣಲ್ಲ, ಹಂಗಾಗಿ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿದ್ರೆ ನಮಗೂ ನೋಡೋಕಾಗುತ್ತೆ. ಅದಕ್ಕಿಂತ ಮುಖ್ಯ ಅಲುಗಾಟ. ವಾಷಿಂಗ್ ಮೆಷಿನ್, ಸ್ಪೀಕರ್, ಧಡಾರಂತ ಬಡಿಯೋ ಬಾಗಿಲು, ಇವುಗಳ ಹತ್ತಿರ ಬೇಡ. ಹೆದರಿದ ರಾಣಿ ಮೊಟ್ಟೆ ತಿಂದ್ಬಿಡ್ತಾಳೆ, ಅದು ಸಿಟ್ಟಲ್ಲ, ಇಲ್ಲಿ ಮರಿ ಉಳಿಯಲ್ಲ ಅನಿಸಿದ್ರೆ ಖರ್ಚಾದ ಶಕ್ತಿ ವಾಪಸ್ ತಗೊಳ್ಳೋ ದಾರಿ ಅಷ್ಟೇ. ಟ್ಯೂಬ್ ಅಡ್ಡ ಮಲಗಿಸಿಡಿ, ಉರುಳ್ದೆ ಇರೋ ಹಾಗೆ ಕೆಳಗೆ ಏನಾದ್ರೂ ಒತ್ತು ಕೊಡಿ.

ಕಾಯೋದು

ವಾರಕ್ಕೊಂದು ಸಲ ಅರ್ಧ ನಿಮಿಷ ನೋಡಿದ್ರೆ ಸಾಕು. ಏನು ನೋಡ್ಬೇಕು ಅಂದ್ರೆ, ಮೊದಲ ಒಂದೆರಡು ವಾರದಲ್ಲಿ ರಾಣಿ ಬಾಯಲ್ಲೋ ಕಾಲಡಿಯಲ್ಲೋ ಬಿಳಿ ಮೊಟ್ಟೆಗಳ ಸಣ್ಣ ಗಂಟು ಕಾಣ್ಸುತ್ತೆ, ಸಕ್ಕರೆ ಹರಳಿಗಿಂತ ಸಣ್ಣವು, ಒಂದಕ್ಕೊಂದು ಅಂಟ್ಕೊಂಡಿರ್ತವೆ. ಅವಳು ಅದನ್ನ ಎತ್ತಿ ಎತ್ತಿ ನೆಕ್ತಾನೇ ಇರ್ತಾಳೆ, ಬೂಸ್ಟು ಹಿಡೀದಿರೋದು ಆ ನೆಕ್ಕೋದ್ರಿಂದ್ಲೇ. ಆಮೇಲೆ ಒಂದು ದಿನ ಮೊಟ್ಟೆಗಳಲ್ಲಿ ಕೆಲವು ಬಾಗಿ ಅಲ್ಲಾಡ್ತಾವೆ, ಅವೇ ಲಾರ್ವಾ, ಕಾಲಿಲ್ಲ, ಕಣ್ಣಿಲ್ಲ, ಬಾಯಿ ಮಾತ್ರ ಇದೆ. ನಂತರ ಪ್ಯೂಪಾ, ಅಂದ್ರೆ ಲಾರ್ವಾ ಅಲ್ಲಾಡದೆ ಇದ್ದು ಇರುವೆಯಾಗಿ ಬದಲಾಗೋ ಹಂತ. ಗೊದ್ದ, ಲೇಸಿಯಸ್ ಜಾತಿಯವು ರೇಷ್ಮೆ ಸುತ್ಕೊಂಡು ಕಂದು ಬಣ್ಣದ ಗುಂಡು ಗೂಡಾಗ್ತವೆ, ಫೈಡೋಲಿ ಮೆಸ್ಸರ್‌ಗಳಲ್ಲಿ ಗೂಡಿಲ್ಲ, ಬಿಳಿ ಇರುವೆ ಬೊಂಬೆ ಹಾಗೇ ಕಾಲು ಮಡಚಿ ಮಲಗಿರೋದು ಕಾಣ್ಸುತ್ತೆ. ಈ ರೇಷ್ಮೆ ಗೂಡಿನ ಒಂದು ತುದೀಲಿ ಕಪ್ಪು ಚುಕ್ಕೆ ಕಂಡು ರೋಗ ಬಂತು ಅಂತ ಗಾಬರಿ ಬೀಳೋರಿದ್ದಾರೆ. ಅದು ಲಾರ್ವಾ ಇಷ್ಟು ದಿನ ಹೊಟ್ಟೇಲಿಟ್ಕೊಂಡಿದ್ದ ಕಸ, ಒಟ್ಟಿಗೆ ಹೊರಗೆ ಹಾಕಿರೋದು. ಎಲ್ಲ ಸರಿಯಾಗಿದೆ ಅಂತಲೇ ಅರ್ಥ.

ಎಷ್ಟು ದಿನ ಅನ್ನೋದು ಬಿಸಿ ಮೇಲೆ, ಜಾತಿ ಮೇಲೆ ಹೋಗುತ್ತೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿ ಲೇಸಿಯಸ್ ನೈಜರ್ 6ರಿಂದ 8 ವಾರ, ಗೊದ್ದದ ಗುಂಪಿಗೆ ಎರಡು ತಿಂಗಳು ಹಿಡಿಯೋದು ಸಾಮಾನ್ಯ, ಫೈಡೋಲಿ ಬೆಚ್ಚಗಿದ್ರೆ ತಿಂಗಳಲ್ಲೇ ಮುಗಿಸುತ್ತೆ. ತಣ್ಣಗಿದ್ರೆ ಎಲ್ಲವೂ ನಿಧಾನ, ಸಾಯಲ್ಲ, ನಿಧಾನ ಅಷ್ಟೇ. ಬಿಸಿ ಮಾಡ್ಬೇಕು ಅನಿಸಿದ್ರೆ ಹೀಟಿಂಗ್ ಕೇಬಲ್ ಟ್ಯೂಬಿನ ಒಂದು ಭಾಗಕ್ಕೆ ಮಾತ್ರ, ನೀರಿರೋ ಕಡೆಗಲ್ಲ, ಅವು ಬೇಕಾದ ಕಡೆ ಹೋಗ್ಲಿ. ಕಿಟಕಿ ಬಿಸಿಲಿಗಂತೂ ಬೇಡವೇ ಬೇಡ, ಗಾಜಿನ ಟ್ಯೂಬ್ ಕೆಲವೇ ನಿಮಿಷಕ್ಕೆ ಬೆಂದು ಹೋಗುತ್ತೆ.

ತಿಂಗಳು ದಾಟಿದ್ರೂ ಮೊಟ್ಟೆ ಮೊಟ್ಟೆಯಾಗೇ ಇದ್ರೆ ರಾಣಿ ಕೂಡಿಲ್ಲ ಅಂತ ಅನುಮಾನ ಪಡಬಹುದು. ಕೂಡದ ರಾಣಿ ಇಟ್ಟ ಮೊಟ್ಟೆಯಿಂದ ಗಂಡು ಮಾತ್ರ ಹುಟ್ಟೋಕೆ ಸಾಧ್ಯ, ಇರುವೆಗಳಲ್ಲಿ ಫಲಿತ ಆಗದ ಮೊಟ್ಟೆಯೇ ಗಂಡಾಗೋದು. ಇಂಥದ್ದಕ್ಕೆ ಔಷಧಿ ಇಲ್ಲ, ಮುಂದಿನ ಹಾರೋ ಕಾಲ ಕಾಯೋದೇ.

ಮೊದಲ ಇರುವೆಗಳು, ಮೊದಲ ಊಟ

ಮೊದಲು ಹುಟ್ಟೋವು ಐದರಿಂದ ಹದಿನೈದು ಇರಬಹುದು, ಆ ಜಾತಿಯ ಮಾಮೂಲಿ ಇರುವೆಗಿಂತ ಸಣ್ಣವು, ಮೈಬಣ್ಣ ಪೇಲವ. ರಾಣಿ ತನ್ನ ಮೈ ಕರಗಿಸಿ ಉಣಿಸಿದ್ದಕ್ಕೆ ಅಷ್ಟೇ ದೊಡ್ಡದಾಗೋಕೆ ಸಾಧ್ಯ. ಇವುಗಳನ್ನ ನ್ಯಾನಿಟಿಕ್ ಅಂತಾರೆ, ಸ್ವಲ್ಪ ಅಂಜುಬುರುಕ, ಆಯಸ್ಸೂ ಕಮ್ಮಿ. ಒಂದೆರಡು ದಿನ ಬಿಟ್ಟು, ಮೈ ಗಟ್ಟಿಯಾಗಿ ಬಣ್ಣ ಏರಿದ ಮೇಲೆ ಊಟ ಶುರು ಮಾಡಿ.

ಮೊದಲನೇದು ಸಿಹಿ. ಒಂದು ಪಾಲು ಸಕ್ಕರೆಗೆ ಮೂರು ಪಾಲು ನೀರು, ಇಲ್ಲ ನೀರು ಬೆರೆಸಿದ ಜೇನು. ಶುಗರ್ ಫ್ರೀ ಸಿಹಿ ಕೆಲಸಕ್ಕೆ ಬರಲ್ಲ. ಎಷ್ಟು ಅಂದ್ರೆ ಗುಂಡುಪಿನ್ನಿನ ತಲೆಯಷ್ಟು, ಪ್ಲಾಸ್ಟಿಕ್ ತುಂಡಿನ ಮೇಲೋ ಫಾಯಿಲ್ ಚೂರಿನ ಮೇಲೋ ಇಟ್ಟು ಟ್ಯೂಬ್ ಬಾಯಿ ಹತ್ರ ದೂಡಿ. ದೊಡ್ಡ ಹನಿ ಹಾಕಿದ್ರೆ ಸಣ್ಣ ಇರುವೆ ಅದರಲ್ಲೇ ಅಂಟ್ಕೊಂಡು ಮುಳುಗುತ್ತೆ, ಇದು ನಿಜಕ್ಕೂ ಆಗೋದು. ಒಂದು ಇರುವೆ ಕುಡಿಯೋದನ್ನ ಭೂತಗನ್ನಡಿ ಹಿಡಿದು ನೋಡಿ: ಹಿಂದಿನ ಹೊಟ್ಟೆ ನಿಧಾನಕ್ಕೆ ಊದ್ಕೊಳ್ಳುತ್ತೆ, ಕಪ್ಪು ಪಟ್ಟಿಗಳು ಒಂದರಿಂದ ಒಂದು ದೂರ ಸರಿದು ನಡುವೆ ತೆಳು ಚರ್ಮ ಹೊಳೆಯೋಕೆ ಶುರುವಾಗುತ್ತೆ, ಪಟ್ಟೆ ಪಟ್ಟೆ ಕಾಣ್ಸುತ್ತೆ. ಆಮೇಲೆ ಅದು ಒಳಗೆ ಹೋಗಿ ರಾಣಿ ಬಾಯಿಗೆ ಬಾಯಿಟ್ಟು ಕೂರುತ್ತೆ, ಹೊಟ್ಟೇಲಿ ತುಂಬ್ಕೊಂಡು ಬಂದಿದ್ದನ್ನ ಹಂಚುತ್ತೆ. ಒಬ್ಬ ಇರುವೆಗೆ ಸಿಕ್ಕಿದ್ರೆ ಎಲ್ರಿಗೂ ಸಿಕ್ಕ ಹಾಗೆ, ಹಂಗಾಗಿ ಎಲ್ಲ ಇರುವೆನೂ ಬಂದು ತಿನ್ಲಿಲ್ಲ ಅಂತ ಮತ್ತೆ ಮತ್ತೆ ಹಾಕೋ ಅಗತ್ಯ ಇಲ್ಲ.

ಎರಡನೇದು ಪ್ರೋಟೀನ್, ಅಂದ್ರೆ ಹುಳ. ಸಿಹಿ ಕೆಲಸಗಾರರಿಗೆ ಓಡಾಡೋ ಇಂಧನ, ಹುಳ ಬೇಕಾಗಿರೋದು ಮೊಟ್ಟೆ ಇಡೋ ರಾಣಿಗೆ, ಬೆಳೆಯೋ ಲಾರ್ವಾಗೆ. ಬೆಳೆದ ಇರುವೆಗೆ ಸೊಂಟ ಎಷ್ಟು ಸಣ್ಣ ಅಂದ್ರೆ ಗಟ್ಟಿ ಪದಾರ್ಥ ಒಳಗಿಳಿಯಲ್ಲ, ಅವು ರಸ ಮಾತ್ರ ಹೀರೋದು. ಎಷ್ಟೋ ಜಾತಿಗಳಲ್ಲಿ ಗಟ್ಟಿ ಚೂರನ್ನ ಲಾರ್ವಾ ಮುಂದೆ ಇಡ್ತಾವೆ, ಅಗಿಯೋದು ಆ ಲಾರ್ವಾಗಳು. ಅದಕ್ಕೇ ಲಾರ್ವಾ ಇಲ್ದಾಗ ಹುಳ ಹಾಕಿದ್ರೆ ಹೆಚ್ಚಿಂದು ಹಾಗೇ ಬಿದ್ದಿರುತ್ತೆ. ಒಂದು ಹಣ್ಣಿನ ನೊಣ, ಇಲ್ಲ ಒಂದು ಜೀರುಂಡೆ ಹುಳದ ಕಾಲು ಇಡೀ ಎಳೇ ಕಾಲೊನಿಗೆ ಸಾಕು. ಜೀವಂತ ಹುಳ ಬೇಡ, ಐದು ನ್ಯಾನಿಟಿಕ್‌ಗಳಿಗೆ ಒದೆಯೋ ಹುಳ ಅಂದ್ರೆ ಯುದ್ಧ. ಫ್ರೀಜರಲ್ಲಿ ಒಂದೆರಡು ದಿನ ಇಟ್ಟು ತೆಗೆದು, ತಣ್ಣಗಿರೋದು ಹೋದ್ಮೇಲೆ ಕತ್ತರಿಸಿ ಹಾಕಿ. ಸ್ಪ್ರೇ ಹೊಡೆದ ಜಾಗದಲ್ಲಿ ಸತ್ತು ಬಿದ್ದ ನೊಣ ಸೊಳ್ಳೆ ಎತ್ತಿ ಹಾಕೋ ಜಾಣತನ ಬೇಡ, ಕೀಟನಾಶಕ ಒಂದೇ ಊಟಕ್ಕೆ ಕಾಲೊನಿ ಮುಗಿಸುತ್ತೆ. ರೂಮಲ್ಲಿ ಸೊಳ್ಳೆ ಲಿಕ್ವಿಡ್ ಉರಿಸೋದೂ ಇದೇ ಲೆಕ್ಕ.

ವಾರಕ್ಕೆ ಎರಡು ಸಲ ಊಟ, ಮಾರನೇ ದಿನ ಉಳಿದಿದ್ದು ಹೊರಗೆ. ಇಷ್ಟೇ ನಿಯಮ. ಮೆಸ್ಸರ್ ಸಾಕ್ತಿದ್ರೆ ಸಣ್ಣ ಕಾಳುಗಳು, ಶುರುವಲ್ಲಿ ಸ್ವಲ್ಪ ಜಜ್ಜಿ ಕೊಡಿ, ನ್ಯಾನಿಟಿಕ್ ದವಡೆಗೆ ಇಡೀ ಕಾಳು ಒಡೆಯೋ ಶಕ್ತಿ ಇರಲ್ಲ.

ಬೇರೆ ಗೂಡಿನ ಕೆಲಸಗಾರ ಇರುವೆ ತಂದು ಸೇರ್ಸಿ ಕಾಲೊನಿ ದೊಡ್ಡದು ಮಾಡೋಣ ಅನ್ನೋ ಯೋಚನೆ ಬರುತ್ತೆ, ಬೇಡ. ಒಂದೊಂದು ಕಾಲೊನಿಗೂ ಮೈಮೇಲೆ ತನ್ನದೇ ವಾಸನೆ ಇರುತ್ತೆ, ಅದೇ ಜಾತಿ ಆದ್ರೂ ಅಪರಿಚಿತ ಅಂತ ಗೊತ್ತಾದ ಕೂಡ್ಲೇ ಕಚ್ಚಾಡ್ತವೆ, ಮೊದಲ ಬಲಿ ರಾಣಿಯೇ ಆಗಬಹುದು. ಅದೇ ಜಾತಿಯ ಪ್ಯೂಪಾ ಸಿಕ್ರೆ ಮಾತ್ರ ಸೇರಿಸಬಹುದು, ಅಲ್ಲೇ ಹುಟ್ಟೋವು ಅಲ್ಲಿಯ ವಾಸನೇನೇ ಹಿಡಿಯೋದ್ರಿಂದ ತಕರಾರಿಲ್ಲ.

ಟ್ಯೂಬ್ ಬದಲಾಯಿಸೋದು ಯಾವಾಗ

ಹತ್ತಿ ಹಳದಿ ಆದ್ರೆ, ಒಂಚೂರು ಕಪ್ಪು ಕಂಡ್ರೆ ಓಡಿಹೋಗಿ ಬದಲಾಯಿಸಬೇಡಿ, ಇರುವೆಗಳು ಅದರ ಹತ್ರಾನೇ ಆರಾಮಾಗಿ ಕೂತಿದ್ರೆ ಅವಕ್ಕೆ ತೊಂದರೆ ಇಲ್ಲ ಅಂತಲೇ. ನೀರು ಮುಗೀತಾ ಬಂದ್ರೆ, ಬೂಸ್ಟು ನಯವಾಗಿ ಕೂದಲು ಕೂದಲಾಗಿ ಬೆಳೆದು ಇರುವೆಗಳು ಬಾಯಿ ಕಡೆಗೆ ಸರಿದ್ರೆ ಆವಾಗ ಬದಲಾಯಿಸಿ. ಹೊಸ ಟ್ಯೂಬ್ ಕಟ್ಟಿ, ಎರಡರ ಬಾಯಿ ಎದುರುಬದುರು ಇಟ್ಟು ಟೇಪ್ ಸುತ್ತಿ, ಹೊಸದಕ್ಕೆ ಫಾಯಿಲ್ ಹಾಕಿ ಕತ್ತಲು ಮಾಡಿ, ಹಳೇದನ್ನ ಬೆಳಕಿಗೆ ಬಿಡಿ. ಒಂದು ದಿನಕ್ಕೆ ಹೋಗಬಹುದು, ಎರಡು ವಾರ ಹಿಡಿಬಹುದು, ಹೋಗದೇನೂ ಇರಬಹುದು. ಅಲ್ಲಾಡಿಸಿ ಉದುರಿಸೋದು ಕೊನೇ ದಾರಿ, ನೀರು ತುಂಬಿ ಜೀವಕ್ಕೇ ಕುತ್ತು ಬಂದ್ರೆ ಮಾತ್ರ.

ಹತ್ತು ಹದಿನೈದು ಇರುವೆ ಆದ್ಮೇಲೆ ಟ್ಯೂಬನ್ನ ಹಾಗೇ ಒಂದು ಸಣ್ಣ ಡಬ್ಬಿಯಲ್ಲಿಟ್ಟು ಬಾಯಿ ಹತ್ತಿ ಸ್ವಲ್ಪ ತೆರೆದು ಬಿಡಬಹುದು, ಡಬ್ಬಿಯೇ ಅವುಗಳ ಮೈದಾನ, ಊಟ ಅಲ್ಲೇ, ಕಸದ ಗುಡ್ಡೆಯೂ ಅಲ್ಲೇ. ಸತ್ತ ಇರುವೆ, ಹುಳದ ಸಿಪ್ಪೆ ಎಲ್ಲ ಒಂದು ಮೂಲೆಗೆ ಒಯ್ದು ಹಾಕ್ತವೆ, ನಿಮಗೆ ಗುಡಿಸೋಕೆ ಸುಲಭ. ಆದ್ರೆ ಗೋಡೆ ಹತ್ತಿ ಬರ್ದಂಗೆ ತಡೆ ಬೇಕು. ಫ್ಲೂಆನ್ ಅನ್ನೋ ದ್ರವ, ಟೆಫ್ಲಾನ್ ಜಾತಿಯದ್ದು, ಮೇಲ್ಗಡೆ ಅಂಚಿಗೆ ಎರಡು ಸೆಂಟಿಮೀಟರ್ ಪಟ್ಟಿ ತೆಳುವಾಗಿ ಒಂದೇ ಸಲ ಹಚ್ಚಿ ಒಣಗಿಸಿದ್ರೆ ಕಾಲು ಜಾರುತ್ತೆ. ಅದಿಲ್ಲ ಅಂದ್ರೆ ಟಾಲ್ಕ್ ಪುಡಿಯನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಕಲಸಿ ಹಚ್ಚಿ, ಆಲ್ಕೋಹಾಲ್ ಪೂರ್ತಿ ಆರಿ ವಾಸನೆ ಹೋದ್ಮೇಲೆ ಇರುವೆ ಬಿಡಿ. ಎಣ್ಣೆ ವ್ಯಾಸಲಿನ್ ಸೆಕೆಗೆ ಕರಗಿ ಕೆಳಗಿಳಿಯುತ್ತೆ, ನನಗದು ಇಷ್ಟ ಇಲ್ಲ. ಯಾವ ತಡೆಯಾದ್ರೂ ಮುಚ್ಚಳ ಇರ್ಲೇಬೇಕು.

ಚಳಿ ದೇಶದ ಜಾತಿ ಆದ್ರೆ, ಲೇಸಿಯಸ್, ಫಾರ್ಮಿಕಾ ಇಂಥವಕ್ಕೆ ಚಳಿಗಾಲದಲ್ಲಿ ಮೂರ್ನಾಲ್ಕು ತಿಂಗಳು 5ರಿಂದ 10 ಡಿಗ್ರಿಯಲ್ಲಿ ನಿದ್ದೆ ಬೇಕು, ತಪ್ಪಿಸಿದ್ರೆ ರಾಣಿ ಸೊರಗ್ತಾಳೆ. ಉಷ್ಣವಲಯದ ಜಾತಿಗೆ ಇದು ಬೇಡ.

ಇಷ್ಟೆಲ್ಲ ಯಾಕೆ ಜಾಗ್ರತೆ ಅಂದ್ರೆ ಇದು ಒಂದು ಸೀಸನ್‌ನ ಆಟ ಅಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಲಬಕ್ 19ನೇ ಶತಮಾನದಲ್ಲಿ ಗಾಜಿನ ಹಲಗೆಗಳ ನಡುವೆ ಸಾಕಿದ್ದ ರಾಣಿ ಸುಮಾರು 14 ವರ್ಷ ಬದುಕಿತ್ತು. ಸಾಕಿದ ಲೇಸಿಯಸ್ ನೈಜರ್ ರಾಣಿಯೊಂದು 28 ವರ್ಷ ದಾಟಿದ ದಾಖಲೆ ಇದೆ. ನಾಯಿಗಿಂತ ಜಾಸ್ತಿ ಆಯಸ್ಸು! ಬೇಜಾರಾಯ್ತು ಅಂತ ಹೊರಗೆ ಬಿಡೋದು, ಅದೂ ಬೇರೆ ಊರಿನ ಜಾತಿ ಆದ್ರೆ, ಖಂಡಿತ ಬೇಡ. ಸಾಕೋ ಇನ್ನೊಬ್ಬರಿಗೆ ಕೊಡಿ.

ಆ ಚೆಂದದ ಗೂಡು ಈಗ ತರಬಹುದು, ಟ್ಯೂಬಲ್ಲಿ ಮೂವತ್ತು ಐವತ್ತು ಇರುವೆ ಆಗಿ ಮರಿ ಇಡೋಕೂ ಜಾಗ ಇಲ್ದಂಗೆ ತುಂಬಿದ್ಮೇಲೆ. ಗೂಡಿನ ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಇರೋ ಥರದ್ದು ತಗೊಳ್ಳಿ, ಪ್ಯೂಪಾಗಳನ್ನ ಒಣ ಕಡೆ, ಮೊಟ್ಟೆಗಳನ್ನ ತೇವದ ಕಡೆ ಅವೇ ಹೊತ್ಕೊಂಡು ಹೋಗ್ತವೆ. ಇರುವೆ, ಮರಿ ಎಲ್ಲ ಸೇರಿ ಗೂಡಿನ ಮೂರನೇ ಒಂದು ಭಾಗನಾದ್ರೂ ತುಂಬ್ಬೇಕು. ಅದಕ್ಕಿಂತ ಜಾಗ ಮಿಕ್ಕಿದ್ರೆ ದೂರದ ಕೋಣೆಗಳನ್ನೇ ಕಸದ ತೊಟ್ಟಿ ಮಾಡ್ಕೊಂಡು ಬೂಸ್ಟು ಬೆಳೆಸ್ತವೆ, ನಿಮ್ಮ ಕೈ ಅಲ್ಲಿಗೆ ಹೋಗಲ್ಲ. ದೊಡ್ಡ ಗೂಡು ಆಗ್ಲೇ ಕೈಲಿದ್ರೆ ಬಿಸಾಕ್ಬೇಡಿ, ಎರಡು ಕೋಣೆ ಬಿಟ್ಟು ಉಳಿದಿದ್ದರ ಬಾಗಿಲಿಗೆ ಹತ್ತಿ ಗಟ್ಟಿಯಾಗಿ ತುರುಕಿ, ಸಂಖ್ಯೆ ಏರಿದ ಹಾಗೆ ಒಂದೊಂದೇ ತೆಗೀತಾ ಹೋಗಿ. ಎಷ್ಟೋ ಸಲ ಅವೇ ಹತ್ತಿ ಕಿತ್ತು ಹಾಕಿ ಮುಂದಿನ ಕೋಣೆ ತೆರ್ಕೊಂಡಿರ್ತವೆ.